ಎದುರು ಮನೆಯ ಆಯಿ ಮತ್ತು ನನ್ನ ಬೂಟಿನ ಲೇಸು

ಆಯಿಯ ಎಡಗೈ ಹೆಬ್ಬೆರಳಿನ ಉಗುರಿನಲ್ಲಿ ಒಂದು ಗೀರು ಇತ್ತು. ಬ್ಲೇಡಿನಿಂದ ಕೊರೆದಷ್ಟು ನೇರ, ಒಂದು ರೇಷ್ಮೆ ಎಳೆ ಕೂಡುವಷ್ಟೇ ಆಳ. ಐವತ್ತು ವರ್ಷಕ್ಕೂ ಮೇಲೆ ಮಗ್ಗದ ಮುಂದೆ ಕೂತು, ಹರಿದ ಎಳೆಗಳನ್ನು ಆ ಉಗುರಿನ ಮೇಲಿಟ್ಟು ಗಂಟು ಹಾಕಿ ಹಾಕಿ ಬಿದ್ದ ಗೀರು ಅದು. ಮಗ್ಗದ ಮೇಲೆ ದಾಳಿಂಬೆ ಬಣ್ಣದ ಸೀರೆ ಇದ್ದ ದಿನಗಳಲ್ಲಿ ಗೀರು ಕೆಂಪಾಗಿರುತ್ತಿತ್ತು, ನವಿಲು ಬಣ್ಣದ್ದು ಇದ್ದಾಗ ನೀಲಿ. ಈ ವಾರ ಯಾವ ಸೀರೆ ನೇಯುತ್ತಿದ್ದಾಳೆ ಎಂದು ಕೇಳುವ ಅಗತ್ಯವಿರಲಿಲ್ಲ. ಚಹಾದ ಕಪ್ಪು ಹಿಡಿದ ಹೆಬ್ಬೆರಳು ನೋಡಿದರೆ ಸಾಕಿತ್ತು.

ಹುನಗುಂದದ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮಾಸ್ತರ. ನೌಕರಿಯ ಹೊಸತರಲ್ಲಿ ಅಲ್ಲಿ ಸರಿಯಾದ ಮನೆ ಸಿಗದೆ, ಇಳಕಲ್ಲಿನ ನೇಕಾರರ ಓಣಿಯಲ್ಲಿ ಒಂದು ಬಾಡಿಗೆ ಮನೆಗೆ ಬಂದೆವು, ನಾನು ಮತ್ತು ನನ್ನ ಹೆಂಡತಿ. ಶಾಲೆಗೆ ದಿನಾ ಬೈಕಿನಲ್ಲಿ ಹೋಗಿ ಬರುವುದು. ನಮ್ಮ ಬಾಗಿಲಿಗೆ ನೇರ ಎದುರು ಆಯಿಯ ಬಾಗಿಲು. ನಡುವೆ ಒಂದು ಗಾಡಿ ಹಾಯುವಷ್ಟೇ ದಾರಿ. ಮುಂದಿನ ಪಡಸಾಲೆಯಲ್ಲಿ ಅವಳ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಓಣಿಯಲ್ಲಿ ಹೋಗುವವರ ಪಾದಗಳು ಅವಳ ಕಣ್ಣಿನ ಮಟ್ಟಕ್ಕೆ ಬರುತ್ತಿದ್ದವು. ಹೀಗಾಗಿ ಓಣಿಯ ಎಲ್ಲರ ಚಪ್ಪಲಿಗಳ ಪರಿಚಯ ಆಯಿಗಿತ್ತು. ಯಾರ ಅಂಗಾಲು ಒಡೆದಿದೆ, ಯಾರು ಹೊಸ ಚಪ್ಪಲಿ ಕಚ್ಚಿಸಿಕೊಂಡು ಕುಂಟುತ್ತಿದ್ದಾರೆ, ಎಲ್ಲ ಗೊತ್ತು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು ಗುಳೇದಗುಡ್ಡದಲ್ಲಿ, ಕುಬುಸದ ಕಣ ನೇಯುವ ಮನೆಯ ಸೊಸೆ. ಇಲ್ಲಿ ಹಿಂದಿನ ಅರ್ಧ ಮನೆಯಲ್ಲಿ ಮೈದುನನ ತುಂಬು ಸಂಸಾರ. ಆಯಿಯ ಪಡಸಾಲೆಯಲ್ಲಿ ಜನ ಇಲ್ಲದ ಹೊತ್ತೇ ಇರಲಿಲ್ಲ.

ಮೊದಮೊದಲು ನಾನು ಅವಳಿಗೆ ‘ನೀವು’ ಎನ್ನುತ್ತಿದ್ದೆ. “ನಾ ಏನ ತಹಶೀಲ್ದಾರಳೇನ್ರಿ ನೀವು ಅನ್ನಾಕ? ಆಯಿ ಅಂದಮ್ಯಾಲ ನೀ ಅನ್ನಬೇಕು” ಎಂದು ಜಬರಿಸಿದಳು. ಅಂದಿನಿಂದ ನಾನು ‘ನೀ’ ಎಂದೆ. ಅವಳು ಮಾತ್ರ ನನಗೆ ‘ರಿ’ ಹಚ್ಚುವುದನ್ನು ಬಿಡಲಿಲ್ಲ. “ಸಾಲಿ ಕಲಿಸೂ ಮಂದಿಗೆ ರಿ ಅನಬೇಕು” ಎಂಬುದು ಅವಳ ನ್ಯಾಯ.

ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ, ಒಂದು ಕಪ್ಪು ಚಹಾ ಕುಡಿದು ಕುಣಿಗೆ ಇಳಿದರೆ ಸಂಜೆಯವರೆಗೆ ಲಾಳಿಯ ಸಪ್ಪಳ. ಸಿಟ್ಟು ಕಡಿಮೆ, ಮಾತು ಹೆಚ್ಚು. ಅವಳಿಗೆ ತಡೆಯಲಾಗದ ಸಂಗತಿ ಒಂದೇ: ಕೆಟ್ಟ ಗಂಟು. ಯಾರದೇ ತೊಟ್ಟಿಲ ಹಗ್ಗವಿರಲಿ, ಚೀಲದ ಬಾಯಿ ಇರಲಿ, ಗಂಟು ಸರಿ ಇಲ್ಲವೆಂದರೆ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ. ಒಮ್ಮೆ ನನ್ನ ಹೆಂಡತಿಯ ಜೊತೆ ಬನಶಂಕರಿಗೆ ಹೊರಟವಳು ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳ ಜೋಳದ ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಳಂತೆ. “ತಂಗಿ, ಈ ಗಂಟು ಅಮೀನಗಡ ಸುದ್ದಾ ಮುಟ್ಟೂದಿಲ್ಲ. ಸರಿ ಆಚೆ” ಎಂದು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿಕೊಟ್ಟಳು. ಅಷ್ಟರಲ್ಲಿ ಇವರ ಬಸ್ಸು ಹೋಗಿಬಿಟ್ಟಿತ್ತು. ನನ್ನ ಹೆಂಡತಿ ಮುಖ ಗಂಟಿಕ್ಕಿದರೆ ಆಯಿ, “ಇನ್ನೊಂದ ಬಸ್ಸ ಬರತೈತಿ ಬಿಡಽ. ಜ್ವಾಳ ರಸ್ತೆ ತುಂಬ ಚೆಲ್ಲಿದ್ರ ಆಕಿ ಏನ ಮಾಡಬೇಕು?” ಎಂದಳಂತೆ.

ನನ್ನ ಗಂಟಿಗೂ ಅವಳ ಕಣ್ಣು ಬಿತ್ತು. ನಾವು ಅಲ್ಲಿಗೆ ಬಂದು ತಿಂಗಳಾಗಿರಬೇಕು. ದಿನಾ ಬೆಳಿಗ್ಗೆ ನಾನು ಹೊಸ್ತಿಲ ಮೇಲೆ ಕೂತು ಬಿಳಿ ಬೂಟು ಕಟ್ಟಿಕೊಳ್ಳುವುದನ್ನು ಆಕೆ ಎದುರಿನಿಂದ ನೋಡುತ್ತಿದ್ದಳು. ಒಂದು ದಿನ ಕೂಗಿದಳು:

“ಮಾಸ್ತರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಗಂಟು ಸುಳ್ಳ ಐತಿ.”

“ಏನ ಆಯಿ?”

“ಬೂಟಿನ ಲಾಡಿ. ಮುಂಜಾನಿ ಕಟ್ಟತೀರಿ, ಬೈಕ ಹತ್ತೂದರಾಗ ಮತ್ತ ಬಗ್ಗತೀರಿ. ಸಂಜಿಕ ಬರೂವಾಗ ಒಂದು ಬಿಚ್ಚೇ ಇರತೈತಿ. ದಿನಾ ನೋಡಾಕತ್ತೀನಿ.”

ಅವಳು ಬಂದು ನನ್ನ ಪಕ್ಕದಲ್ಲಿ ಕೂತು ತೋರಿಸಿದಳು. ನನ್ನ ಗಂಟಿನ ಎರಡು ಕುಣಿಕೆಗಳಲ್ಲಿ ಒಂದು ಕಾಲ್ಬೆರಳಿನ ಕಡೆ, ಇನ್ನೊಂದು ಮೊಣಕಾಲಿನ ಕಡೆ ಮುಖ ಮಾಡಿ ಓರೆಯಾಗಿ ಬಿದ್ದಿದ್ದವು. “ಇವು ಗಂಟಿನ ಕಿವಿ. ಕಿವಿ ಆ ಮಗ್ಗಲ ಒಂದು, ಈ ಮಗ್ಗಲ ಒಂದು ಇರಬೇಕೋ, ಹಣಿಮ್ಯಾಲೊಂದು ಗದ್ದದ ಕೆಳಗೊಂದು ಇರಬೇಕೋ?” ಎಂದಳು. ಮೊದಲು ಹಾಕುವ ಸಾದಾ ಗಂಟಿನಲ್ಲಿ ನಾನು ಬಲದ ಎಳೆಯನ್ನು ಎಡದ ಮೇಲೆ ಹಾಯಿಸುತ್ತಿದ್ದೆ. ಅದನ್ನು ಎಡದ್ದು ಬಲದ ಮೇಲೆ ಬರುವಂತೆ ಬದಲಿಸಿದಳು. “ಮ್ಯಾಲಿಂದು ಹೆಂಗ ಕಟ್ಟತಿದ್ರಿ ಹಂಗಽ ಕಟ್ರಿ” ಎಂದಳು. ಕಟ್ಟಿದೆ. ಕುಣಿಕೆಗಳು ಬೂಟಿಗೆ ಅಡ್ಡಲಾಗಿ, ಎರಡೂ ಬದಿಗೆ ಸಮನಾಗಿ ಕೂತವು. ಅವತ್ತು ಇಡೀ ದಿನ ಮೈದಾನದಲ್ಲಿ ಓಡಿದರೂ ಬಿಚ್ಚಲಿಲ್ಲ.

ಮೂವತ್ತು ದಾಟಿದ ಪಿ.ಟಿ. ಮಾಸ್ತರ ನಾನು. ನೂರಾರು ಮಕ್ಕಳಿಗೆ ತಪ್ಪು ಗಂಟು ಕಲಿಸಿಬಿಟ್ಟಿದ್ದೆ. ಜೀವಮಾನದಲ್ಲಿ ಬೂಟು ಹಾಕದ ಮುದುಕಿ ಅದನ್ನು ದಾರಿಯ ಆಚೆಯಿಂದ ಕಂಡುಹಿಡಿದಿದ್ದಳು. ನಾಚಿಕೆಯಾದರೂ ಮಾರನೆಯ ದಿನ ಮಕ್ಕಳನ್ನು ಸಾಲಾಗಿ ಕೂರಿಸಿ ನನ್ನ ತಪ್ಪು ಹೇಳಿ ತಿದ್ದಿಸಿದೆ. ಮುಂದೆ ಆಯಿ ವೇಗವಾಗಿ ಕಟ್ಟುವ ದಾರಿಯನ್ನೂ ಕಲಿಸಿದಳು. ಎರಡೂ ಕೈಯಲ್ಲಿ ಒಂದೊಂದು ಕುಣಿಕೆ ಹಿಡಿದು, ಒಂದು ಮುಂದಿನಿಂದ ಒಂದು ಹಿಂದಿನಿಂದ, ಒಂದರೊಳಗೊಂದು ಏಕಕಾಲಕ್ಕೆ ತೂರಿಸಿ ಎಳೆಯುವುದು. ಅವಳು ಮಾಡಿದರೆ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ನಾನು ವಾರಗಟ್ಟಲೆ ಅಭ್ಯಾಸ ಮಾಡಿ ಅದನ್ನು ಸಾಧಿಸಿದೆ. ತಾಲೂಕು ಕ್ರೀಡಾಕೂಟಗಳಲ್ಲಿ ನಮ್ಮ ಶಾಲೆಯ ಮಕ್ಕಳು ಲೇಸು ಕಟ್ಟುವ ವೇಗ ನೋಡಿ ಬೇರೆ ಮಾಸ್ತರರು ಕೇಳಿದರೆ, “ನಮ್ಮ ಓಣಿಯ ಕೋಚು ಕಲಿಸಿದ್ದು” ಎನ್ನುತ್ತಿದ್ದೆ.

ಇದಾಗಿ ಕೆಲವು ವರ್ಷಗಳ ನಂತರ ನನ್ನ ಬಲಗೈ ಹೋಯಿತು.

ಶಾಲೆಯಿಂದ ಬರುತ್ತಿದ್ದೆ. ಹನಿ ಬಿದ್ದು ಡಾಂಬರು ಒದ್ದೆಯಾಗಿತ್ತು. ಒಂದು ಹಂದಿ ಅಡ್ಡ ಬಂತು; ಬ್ರೇಕು ಹಿಡಿದೆ, ಬೈಕು ಜಾರಿತು. ಬಲಭುಜ ನೆಲಕ್ಕೆ ಅಪ್ಪಳಿಸಿದ್ದಷ್ಟೇ ನೆನಪು. ಬಾಗಲಕೋಟೆಯ ದವಾಖಾನೆಗೆ ತಿಂಗಳುಗಟ್ಟಲೆ ಓಡಾಡಿದೆವು. ಎಲುಬು ಕೂಡಿತು, ಗಾಯ ಮಾಯಿತು. ಆದರೆ ಭುಜದಲ್ಲಿ ನರಗಳು ಬುಡದಿಂದಲೇ ಕಿತ್ತಿದ್ದವು. “ಕೈ ಇರತೈತಿ ಸರ್, ಕೆಲಸ ಮಾಡೂದಿಲ್ಲ. ಸುಳ್ಳು ಭರವಸೆ ಕೊಡೂದಿಲ್ಲ ನಾ” ಎಂದರು ಡಾಕ್ಟರು. ಹಾಗೆ ನೇರವಾಗಿ ಹೇಳಿದ್ದಕ್ಕೆ ಆಗ ಅವರ ಮೇಲೆ ಸಿಟ್ಟು ಬಂದಿತ್ತು. ಭುಜದಿಂದ ಕೆಳಗೆ ಅದು ನನ್ನದಲ್ಲದ ಒಂದು ವಸ್ತುವಿನ ಹಾಗೆ ಜೋತಾಡುತ್ತಿತ್ತು. ಪಟ್ಟಿ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡೆ.

ರಜೆ ಮುಗಿಸಿ ಶಾಲೆಗೆ ಹೋಗಲು ಶುರು ಮಾಡಿದೆ, ಈಗ ಬಸ್ಸಿನಲ್ಲಿ. ಎಡಗೈಯಲ್ಲಿ ಉಣ್ಣುವುದು, ಬರೆಯುವುದು, ಅಂಗಿಯ ಗುಂಡಿ ಹಾಕುವುದು ನಿಧಾನಕ್ಕೆ ರೂಢಿಯಾಯಿತು. ಬೂಟು ಮಾತ್ರ ಆಗಲಿಲ್ಲ. ಬೆಳಿಗ್ಗೆ ಹೆಂಡತಿ ಹೊಸ್ತಿಲ ಕೆಳಗೆ ಕೂತು ಕಟ್ಟುತ್ತಿದ್ದಳು. ಓಣಿಯ ಜನ ನೋಡುತ್ತಾರೆಂದು ನಾನು ಒಳಗೇ ಕಟ್ಟಿಸಿಕೊಳ್ಳತೊಡಗಿದೆ. ಬಾಗಲಕೋಟೆಯಿಂದ ಲೇಸಿಲ್ಲದ, ಪಟ್ಟಿ ಅಂಟಿಸುವ ಬೂಟು ತಂದೆವು. ನಮ್ಮ ಮೈದಾನದ ಧೂಳು ತುಂಬಿ ತುಂಬಿ ಕೆಲವೇ ವಾರಗಳಲ್ಲಿ ಪಟ್ಟಿ ಅಂಟುವುದನ್ನು ಬಿಟ್ಟಿತು. ಸುಮ್ಮನೆ ಕಾಲು ತೂರಿಸುವ ಬೂಟು ಓಡುವಾಗ ಹಿಮ್ಮಡಿಯಿಂದ ಕಳಚುತ್ತಿತ್ತು. ಮತ್ತೆ ಲೇಸಿನ ಬೂಟಿಗೇ ಬಂದೆ.

ಒಂದು ದಿನ ಪ್ರಾರ್ಥನೆಯ ಹೊತ್ತಿಗೆ ನನ್ನ ಎಡಗಾಲಿನ ಲೇಸು ಬಿಚ್ಚಿತ್ತು. ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಸೀಟಿ ಊದಬೇಕಾದವನು ನಾನು. ಲೇಸನ್ನು ಬೂಟಿನೊಳಗೆ ತುರುಕಲು ಕಾಲು ಎತ್ತಿದಾಗ ಸಮತೋಲ ತಪ್ಪಿತು. ಪಕ್ಕದಲ್ಲಿ ನಮ್ಮ ಗಣಿತದ ಹಿರಿಯ ಮಾಸ್ತರರು ನಿಂತಿದ್ದರು. ನಿವೃತ್ತಿಗೆ ಒಂದೇ ವರ್ಷ ಇದ್ದವರು. ನಾನು ಹಾಸ್ಟೆಲ್ಲಿನಲ್ಲಿದ್ದು ಅದೇ ಶಾಲೆಯಲ್ಲಿ ಓದುವಾಗ ನನಗೂ ಕಲಿಸಿದವರು. ಅವರು ಧೋತರದ ಅಂಚು ಎತ್ತಿ ಹಿಡಿದು, ಮಣ್ಣಿನಲ್ಲಿ ಮೊಣಕಾಲೂರಿ, ನನ್ನ ಲೇಸಿಗೆ ಕೈ ಹಾಕಿದರು.

“ಸರ್, ಬ್ಯಾಡ್ರಿ. ಕಾಲ ಮುಟ್ಟಬ್ಯಾಡ್ರಿ ಸರ್” ಎಂದೆ.

“ನಿಂದ್ರೋ. ಅಲುಗಾಡಬ್ಯಾಡ” ಎಂದರು. ಕಟ್ಟಿ, ನನ್ನ ಎಡಭುಜ ಹಿಡಿದೇ ಮೇಲೆದ್ದರು.

ಅವರು ಪ್ರೀತಿಯಿಂದಲೇ ಮಾಡಿದ್ದು. ಆದರೆ ಗುರುಗಳ ಪಾದ ಮುಟ್ಟಬೇಕಾದ ನಾನು, ನೂರಾರು ಮಕ್ಕಳ ಮುಂದೆ, ಅವರಿಂದ ಕಾಲು ಮುಟ್ಟಿಸಿಕೊಂಡಿದ್ದೆ. ಆ ದಿನ ಸೀಟಿ ಬಾಯಿಗೆ ಹೋಗಲೇ ಇಲ್ಲ. ಮರುದಿನ ಚಪ್ಪಲಿಯಲ್ಲಿ ಶಾಲೆಗೆ ಹೋದೆ. ಮೈದಾನದ ಕೆಲಸ ನನ್ನಿಂದ ಆಗುವುದಿಲ್ಲ, ಗ್ರಂಥಾಲಯದ್ದೋ ಆಫೀಸಿನದ್ದೋ ಕೆಲಸ ಕೊಡಿ ಎಂದು ಮುಖ್ಯೋಪಾಧ್ಯಾಯಿನಿಯವರಿಗೆ ಅರ್ಜಿ ಬರೆದುಕೊಟ್ಟೆ. ಎಡಗೈ ಅಕ್ಷರ ಸೊಟ್ಟಸೊಟ್ಟಾಗಿತ್ತು. ಅವರು ಓದಿ, ಮಡಚಿ, ಟೇಬಲ್ಲಿನ ಡ್ರಾ ಒಳಗಿಟ್ಟರು. “ವಿಚಾರ ಮಾಡೋಣ” ಎಂದಷ್ಟೇ ಹೇಳಿದರು.

ಚಪ್ಪಲಿ ಆಯಿಯ ಕಣ್ಣಿಗೆ ಬೀಳದಿರುವುದು ಸಾಧ್ಯವೇ ಇರಲಿಲ್ಲ. ಮೂರನೆಯ ದಿನ ಸಂಜೆ ದಾರಿ ದಾಟಿ ಬಂದಳು.

“ಬೂಟ ಎಲ್ಲಿ?”

“ಬಿಟ್ಟೀನಿ ಆಯಿ.”

“ಯಾಕ?”

ಹೇಳಿದೆ. ಗಣಿತದ ಮಾಸ್ತರರ ಸಂಗತಿಯನ್ನೂ ಹೇಳಿದೆ. ಆಯಿ ಮೂಲೆಯಲ್ಲಿ ಬಿದ್ದಿದ್ದ ಬೂಟುಗಳಲ್ಲಿ ಎಡಗಾಲಿನದನ್ನು ಎತ್ತಿ ತಿರುವಿ ನೋಡಿದಳು. ಸೆರಗಿನಿಂದ ಧೂಳು ಒರೆಸಿದಳು. “ಇದು ನನ್ನ ಕಡೆ ಇರಲಿ” ಎಂದು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಬಾಗಿಲಲ್ಲಿ ತಿರುಗಿ, “ತಮ್ಮಾ, ಊಟ ಬಿಡಬ್ಯಾಡ ನೀ” ಎಂದಳು. ಮೊದಲ ಸಲ ‘ಮಾಸ್ತರ’ ಹೋಗಿ ‘ತಮ್ಮ’ ಬಂದಿತ್ತು. ‘ರಿ’ ಬಿದ್ದುಹೋಗಿತ್ತು.

ಅದಾದ ಮೇಲೆ ಮಧ್ಯಾಹ್ನಗಳಲ್ಲಿ ಎದುರು ಮನೆಯ ಮಗ್ಗದ ಸಪ್ಪಳ ನಿಂತಿತೆಂದು ಹೆಂಡತಿ ಹೇಳಿದಳು. ನೂಲು ಬಂದಿರಲಿಕ್ಕಿಲ್ಲ ಎಂದೆ. ನನಗೆ ಆಗ ಯಾರ ಮನೆಯ ವಿಚಾರವೂ ಬೇಡವಾಗಿತ್ತು. ಒಂದು ರವಿವಾರ ಮಧ್ಯಾಹ್ನ ಹೆಂಡತಿ ಕಿಟಕಿಯ ಹತ್ತಿರ ನಿಂತು, ಬಾಯಿಗೆ ಸೆರಗು ಒತ್ತಿಕೊಂಡು, ಕೈಸನ್ನೆ ಮಾಡಿ ಕರೆದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಹೋಗಿ ನೋಡಿದೆ.

ಆಯಿ ಮಗ್ಗದ ಕುಣಿಯ ಅಂಚಿಗೆ ಕೂತಿದ್ದಳು. ಎಡಗಾಲಲ್ಲಿ ನನ್ನ ಬೂಟು. ಅವಳ ಒಣಕಲು ಕಾಲಿಗೆ ಅದು ಬುಟ್ಟಿಯ ಹಾಗೆ ಕಾಣುತ್ತಿತ್ತು. ಬಲಗೈಯನ್ನು ಬೆನ್ನ ಹಿಂದೆ ಒಯ್ದು, ಹಳೆ ಸೀರೆಯ ಅಂಚಿನಿಂದ ಸೊಂಟಕ್ಕೆ ಬಿಗಿಯಾಗಿ ಕಟ್ಟಿಸಿಕೊಂಡಿದ್ದಳು. ಎಡಗೈ ಒಂದರಿಂದಲೇ ಲೇಸಿನ ಜೊತೆ ಗುದ್ದಾಡುತ್ತಿದ್ದಳು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಲು ಬಗ್ಗುತ್ತಾಳೆ, ಬಾಯಿ ಎಟಕುವುದಿಲ್ಲ. ಇನ್ನೊಂದನ್ನು ಬಲಗಾಲಿನ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಾಳೆ, ಜಾರುತ್ತದೆ. “ನಿನ್ನ ಮನಿ ಹಾಳಾಗಲಿ” ಎಂದು ಲೇಸಿಗೆ ಬೈಯುತ್ತಾಳೆ, ಮತ್ತೆ ಶುರು ಮಾಡುತ್ತಾಳೆ.

ನಾನು ದಾರಿ ದಾಟಿ ಬಾಗಿಲಲ್ಲಿ ನಿಂತೆ. “ಆಯಿ, ಏನಿದು? ಕೈ ಯಾಕ ಕಟ್ಟಿಸಿಕೊಂಡಿ?”

ತಲೆ ಎತ್ತದೆ ಹೇಳಿದಳು: “ಬಿಚ್ಚಿಟ್ಟರ ಮೋಸ ಆಗತೈತಿ. ನಾ ಬ್ಯಾಡಂದ್ರೂ ಆ ಕೈ ತಾನಽ ಬರತೈತಿ. ಅದಕ್ಕ ಕಟ್ಟಿಸೀನಿ. ನೀ ಈಗ ಹೋಗು. ಇನ್ನೂ ತಿಳಿದಿಲ್ಲ ನನಗ. ತಿಳಿದ ದಿವಸ ಕರೀತೇನಿ.”

ತಿರುಗಿ ಬಂದೆ. ಆ ಮಧ್ಯಾಹ್ನ, ಅಪಘಾತವಾದ ಮೇಲೆ ಮೊದಲ ಬಾರಿಗೆ, ನಾನು ಗೋಡೆಗೆ ಮುಖ ಮಾಡಿ ಅತ್ತೆ. ಹೆಂಡತಿ ಒಳಗೆ ಬರದೆ ಹೊರಗೇ ಉಳಿದಳು.

ಕರೆ ಬರಲು ಮತ್ತೂ ಒಂದು ವಾರ ಹಿಡಿಯಿತು. ಬೆಳಿಗ್ಗೆ ಏಳುತ್ತಲೇ ಓಣಿಗೆಲ್ಲ ಕೇಳುವಂತೆ ಕೂಗಿದಳು, “ತಮ್ಮಾ, ಬಾ. ಸಿಕ್ಕಿತು!”

ಹೋದೆ. ಬೂಟಿನಲ್ಲಿ ನನ್ನ ದುಂಡನೆಯ ನೈಲಾನ್ ಲೇಸು ಇರಲಿಲ್ಲ. ಅದು ಜಾರುತ್ತದೆಂದು ಕಿತ್ತೆಸೆದು, ಮಗ್ಗದಲ್ಲಿ ಉಳಿದ ಹತ್ತಿ ನೂಲನ್ನು ಹೆಣೆದು ತಾನೇ ಒಂದು ಚಪ್ಪಟೆ ಲೇಸು ಮಾಡಿದ್ದಳು. ದಾಳಿಂಬೆ ಬಣ್ಣದ್ದು. ರಂಧ್ರಗಳಲ್ಲಿ ಸುಲಭವಾಗಿ ಹೋಗಲೆಂದು ತುದಿಗೆ ಮೇಣ ಸವರಿ ಚೂಪು ಮಾಡಿದ್ದಳು.

“ಎರಡು ತುದಿ ಹಿಡದ ಕಟ್ಟೂದು ಎರಡ ಕೈ ಇದ್ದವರ ಪದ್ಧತಿ” ಎಂದಳು. “ನಾ ಇಷ್ಟ ದಿನ ಅದನ್ನಽ ಒಂದ ಕೈಲೆ ಮಾಡಾಕ ಹೋಗಿ ಸತ್ತೆ. ನಿನ್ನಿ ಲಾಳಿ ಹಿಡದಾಗ ತಲಿಗೆ ಹೊಳೀತು. ಸೀರಿಯಾಗ ಅಡ್ಡ ಹೋಗೂ ಎಳಿ ಒಂದಽ ಇರತೈತಿ. ಅತ್ತ ಹೋಗತೈತಿ, ಇತ್ತ ಬರತೈತಿ. ಅದಕ್ಕ ಎರಡನೇ ತುದಿ ಯಾಕ ಬೇಕು? ನೋಡಿಲ್ಲಿ.”

ಲೇಸಿನ ಒಂದು ತುದಿಗೆ ದಪ್ಪ ಗಂಟು ಹಾಕಿ, ಅದು ಬೂಟಿನ ಒಳಗೇ ಉಳಿಯುವಂತೆ ಕೆಳಗಿನ ಮೊದಲ ರಂಧ್ರದಿಂದ ಹೊರಗೆಳೆದಿದ್ದಳು. ಅಲ್ಲಿಂದ ಒಂದೇ ಎಳೆ ಎಡಕ್ಕೆ ಬಲಕ್ಕೆ ಹಾಯುತ್ತ ಮೇಲಕ್ಕೆ ಹತ್ತಿತ್ತು. ಇದನ್ನು ಒಮ್ಮೆ ಹೆಣೆದಿಟ್ಟರೆ ದಿನಾ ಹೆಣೆಯಬೇಕಿಲ್ಲ. ಕಾಲು ತೂರಿಸಿ, ಕೆಳಗಿನಿಂದ ಒಂದೊಂದೇ ಅಡ್ಡ ಎಳೆಯನ್ನು ತೋರುಬೆರಳಿನಿಂದ ಎತ್ತಿ ಬಿಗಿ ಮಾಡುತ್ತ ಬರುವುದು. ತುದಿಗೆ ಬಂದಾಗ, ಉಳಿದ ಲೇಸನ್ನು ಮಡಚಿ ಒಂದು ಕುಣಿಕೆ ಮಾಡಿ ಕೊನೆಯ ಅಡ್ಡ ಎಳೆಯ ಕೆಳಗೆ ತೂರಿಸುವುದು. ಆ ಕುಣಿಕೆಯೊಳಗೆ ಇನ್ನೊಂದು ಕುಣಿಕೆ ತೂರಿಸಿ ಎಳೆಯುವುದು. ಅಷ್ಟೇ. ಸಂಜೆ ತುದಿ ಹಿಡಿದು ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತಿತ್ತು. ಅವಳು ಒಂದೇ ಕೈಯಲ್ಲಿ ಮಾಡಿ ತೋರಿಸಿದಾಗ ಎಷ್ಟು ಸುಲಭ ಎನಿಸಿತು.

ನನಗೆ ಸುಲಭವಾಗಲಿಲ್ಲ. ಕೆಳಗೆ ಬಿಗಿ ಮಾಡಿದ್ದು ಮೇಲೆ ಬರುವಷ್ಟರಲ್ಲಿ ಸಡಿಲವಾಗುತ್ತಿತ್ತು. ಕುಣಿಕೆ ತೂರಿಸುವಾಗ ಬೆರಳು ಸೋಲುತ್ತಿತ್ತು. ದಿನಾ ಸಂಜೆ ಅವಳ ಪಡಸಾಲೆಯಲ್ಲಿ ಅಭ್ಯಾಸ. ನಾಲ್ಕನೆಯ ದಿನವೋ ಐದನೆಯ ದಿನವೋ ತಲೆಕೆಟ್ಟು ಬೂಟನ್ನು ಗೋಡೆಗೆ ಎಸೆದೆ.

“ಇದಕ್ಕ ಏನೂ ತಿಳಿಯೂದಿಲ್ಲ ಆಯಿ! ಎಡಗೈ ಇದು. ತೊಳಕೊಳ್ಳೂ ಕೈ.”

ಆಯಿ ಎದ್ದು ಹೋಗಿ ಬೂಟು ತಂದು ನನ್ನ ಮುಂದಿಟ್ಟಳು. ಸಿಟ್ಟು ಬಂದಿತ್ತು, ಆದರೆ ದನಿ ಏರಿರಲಿಲ್ಲ.

“ನಿನ್ನ ಕೊರಳಾಗ ಲಿಂಗ ಐತಿಲ್ಲೋ?”

“ಐತಿ.”

“ಪೂಜಿ ಮಾಡ್ಕೊಳ್ಳೂವಾಗ ಲಿಂಗ ಯಾವ ಕೈಯಾಗ ಕೂಡ್ರತೈತಿ?”

ನಾನು ಅಪಘಾತವಾದಂದಿನಿಂದ ಪೂಜೆ ಬಿಟ್ಟಿದ್ದೆ.

“ಹೇಳು. ಯಾವ ಕೈಯಾಗ?”

“ಎಡಗೈಯಾಗ.”

“ಮತ್ತ? ಬಸವಣ್ಣ ಅಷ್ಟ ದೊಡ್ಡದನ್ನ ತಂದು ಈ ಕೈಯಾಗ ಇಟ್ಟಾನ. ಈ ಕೈಗೆ ನಿನ್ನ ಬೂಟು ಭಾರ ಆತೇನು? ಹಿಡಿ.”

ಹಿಡಿದೆ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೂ ಕೂತೆ. ಇನ್ನೂ ಒಂದಷ್ಟು ದಿನ ಕಳೆದ ಮೇಲೆ, ಒಂದು ಸಂಜೆ ಕೊನೆಯ ಕುಣಿಕೆ ತೂರಿಸಿ ಎಳೆದಾಗ ಬೂಟು ಗಪ್ಪನೆ ಕಾಲಿಗೆ ಕೂತಿತು. ಎದ್ದು ಓಣಿಯ ತುದಿಯವರೆಗೆ ಓಡಿ ಬಂದೆ. ಸಡಿಲಾಗಿರಲಿಲ್ಲ. ಆಯಿ ಬಗ್ಗಿ, ಅಡ್ಡ ಎಳೆಗಳ ಮೇಲೆ ಉಗುರು ಆಡಿಸಿ ಪರೀಕ್ಷೆ ಮಾಡಿ, “ಮೂರನೇದು ಸ್ವಲ್ಪ ಮೆತ್ತಗಾಗೇತಿ. ಇರಲಿ, ನಡೀತೈತಿ” ಎಂದಳು. ಅವಳ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಎಂದೂ ಕೇಳಲಿಲ್ಲ.

ಬಿಳಿ ಬೂಟು, ದಾಳಿಂಬೆ ಬಣ್ಣದ ಲೇಸು ಹಾಕಿಕೊಂಡು ಮೈದಾನಕ್ಕೆ ಇಳಿದ ದಿನ ಮಕ್ಕಳು ಪರಸ್ಪರ ಮೊಣಕೈ ತಿವಿದು ನಕ್ಕರು. ಗಣಿತದ ಮಾಸ್ತರರು ಹತ್ತಿರ ಬಂದು ಬಗ್ಗಿ ನೋಡಿದರು. “ಯಾರು ಕಟ್ಟಿದ್ದೋ?” ಎಂದರು. “ನಾನಽ ಸರ್” ಎಂದೆ. “ಬಿಚ್ಚಿ ಇನ್ನೊಮ್ಮೆ ಕಟ್ಟು, ನೋಡತೇನಿ” ಎಂದರು. ಅಲ್ಲೇ ಕಟ್ಟೆಯ ಮೇಲೆ ಕೂತು ಬಿಚ್ಚಿ ಕಟ್ಟಿದೆ. ಹಿಂದೆ ನನ್ನ ಪ್ರಮೇಯ ತಿದ್ದುವಾಗ ನೋಡುತ್ತಿದ್ದ ಹಾಗೆಯೇ ಒಂದೊಂದು ಹೆಜ್ಜೆಯನ್ನೂ ನೋಡಿದರು. ಕೊನೆಗೆ, “ಸರಿ ಐತಿ” ಎಂದು ತರಗತಿಗೆ ಹೋದರು. ಮುಖ್ಯೋಪಾಧ್ಯಾಯಿನಿಯವರು ಸಂಜೆ ನನ್ನನ್ನು ಕರೆದು ಡ್ರಾ ತೆರೆದು ಅರ್ಜಿಯನ್ನು ವಾಪಸು ಕೊಟ್ಟರು. “ಇದನ್ನ ಯಾರಿಗೂ ಕಳಿಸಿರಲಿಲ್ಲ” ಎಂದರು.

ಆ ವರ್ಷ ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋದೆವು. ಕೋಟೆಯ ಆ ಕಡಿದಾದ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದು ಬಂದ ಮೇಲೂ ನಾನು ಒಮ್ಮೆಯೂ ಬಗ್ಗಬೇಕಾಗಲಿಲ್ಲ. ಬಂದು ಹೇಳಿದಾಗ ಆಯಿ ಲಾಳಿ ನಿಲ್ಲಿಸದೆ, “ಬಗ್ಗೂದಿದ್ರ ಹೊಲದಾಗ ಬಗ್ಗಬೇಕು” ಎಂದು ನಕ್ಕಳು.

ಆಮೇಲಿನ ವರ್ಷಗಳಲ್ಲಿ ಸುದ್ದಿ ತಾನಾಗಿಯೇ ಹರಡಿತು. ಚೊಳಚಗುಡ್ಡದಿಂದ ಲಕ್ವಾ ಹೊಡೆದ ಬಾಳೆಹಣ್ಣಿನ ವ್ಯಾಪಾರಿಯೊಬ್ಬರು ಬಂದರು. ನನ್ನ ಹೆಂಡತಿಯ ತವರು ಶಿರೂರಿನಿಂದ, ಒಕ್ಕುವ ಯಂತ್ರಕ್ಕೆ ಕೈ ಕೊಟ್ಟ ರೈತನೊಬ್ಬ ಬಂದ. ಅವನು ಬೂಟು ಹಾಕುವವನಲ್ಲ. ಪೈಜಾಮದ ಲಾಡಿ ಕಟ್ಟಿಕೊಳ್ಳಲು ಕಲಿಯಬೇಕಿತ್ತು. ನನಗೆ ಗೊತ್ತಿರಲಿಲ್ಲ. ಆಯಿಯ ಪಡಸಾಲೆಗೆ ಕರೆದುಕೊಂಡು ಹೋದೆ. ಅವಳು ಅವನನ್ನು ಕೂರಿಸಿ ಚಹಾ ಕೊಟ್ಟು, ಒಂದು ಲಾಡಿ ತರಿಸಿಕೊಂಡು, ಮೈದುನನ ಸೊಸೆಗೆ, “ಏ ತಂಗಿ, ನನ್ನ ಬಲಗೈ ಕಟ್ಟು ಬಾ” ಎಂದಳು.

ಕಳೆದ ಚಳಿಗಾಲದಲ್ಲಿ ಆಯಿ ತೀರಿಕೊಂಡಳು. ದೊಡ್ಡ ರೋಗವೇನಿರಲಿಲ್ಲ. ಜ್ವರ ಬಂತು, ಉಸಿರಾಟ ಕಷ್ಟವಾಯಿತು, ಬಾಗಲಕೋಟೆಗೆ ಒಯ್ದೆವು. ಕೆಲವು ದಿನಗಳ ನಂತರ ತಾನೇ ಹಟ ಹಿಡಿದು ಮನೆಗೆ ಬಂದಳು. ಮಗ್ಗ ಕಾಣುವ ಹಾಗೆ ಪಡಸಾಲೆಯಲ್ಲೇ ಹಾಸಿಗೆ ಹಾಕಿಸಿಕೊಂಡಳು. ಹೋಗುವ ಹಿಂದಿನ ದಿನ ನಾನು ಪಕ್ಕದಲ್ಲಿ ಕೂತಿದ್ದಾಗ, ಡಾಕ್ಟರು ಕೈಗೆ ಸುತ್ತಿದ್ದ ಬ್ಯಾಂಡೇಜು ತೋರಿಸಿ, “ಭಾಳ ಬಿಗಿ ಕಟ್ಯಾರ, ರೀತಿನಽ ಇಲ್ಲ. ಸಡಲ ಮಾಡು” ಎಂದಳು. ಎಡಗೈಯಲ್ಲಿ ಬಿಚ್ಚಿ ಮತ್ತೆ ಕಟ್ಟಿದೆ. ನೋಡಿ ಕಣ್ಣು ಮುಚ್ಚಿಕೊಂಡಳು. ಮಾರನೆಯ ದಿನ ಮಧ್ಯಾಹ್ನ ಹೋದಳು. ಓಣಿಯ ಎಲ್ಲ ಮಗ್ಗಗಳೂ ಆ ದಿನ ನಿಂತಿದ್ದವು.

ಮೂರನೆಯ ದಿನದ ಕಾರ್ಯ ಮುಗಿದು ಬಂಧುಗಳೆಲ್ಲ ಹೊರಟ ಮೇಲೆ ಅವಳ ಮಗಳು ನಮ್ಮ ಮನೆಗೆ ಬಂದು ಕೂತಳು. ಅವ್ವನ ಮಾತು ಬರುತ್ತ ಬರುತ್ತ ನನ್ನ ಬೂಟಿನ ಮಾತೂ ಬಂತು. ಆಗ ಅವಳು ನನಗೆ ಗೊತ್ತಿರದ ಒಂದು ಸಂಗತಿ ಹೇಳಿದಳು.

ಆ ದಿನಗಳಲ್ಲಿ ಆಯಿಯ ಮಗ್ಗದ ಮೇಲೆ ಒಂದು ಮದುವೆಯ ಸೀರೆ ಇತ್ತು. ಬಾಗಲಕೋಟೆಯ ಒಂದು ಮನೆಯವರು ಮಗಳಿಗಾಗಿ ತಿಂಗಳುಗಳ ಮೊದಲೇ ಬಂದು ಹೇಳಿಹೋಗಿದ್ದರು. ಆ ಹುಡುಗಿಯ ತಾಯಿಯ ಧಾರೆ ಸೀರೆಯನ್ನೂ ಆಯಿಯೇ ನೇಯ್ದಿದ್ದಳು. ಮಧ್ಯಾಹ್ನಗಳೆಲ್ಲ ನನ್ನ ಬೂಟಿನಲ್ಲಿ ಕಳೆದು, ಮಾತು ಕೊಟ್ಟ ದಿನಕ್ಕೆ ಸೀರೆ ಮುಗಿಯಲಿಲ್ಲ. ಅವರು ಬಂದು, ಅರ್ಧ ಸೀರೆ ನೋಡಿ, ನೊಂದುಕೊಂಡು, ಪೇಟೆಯಲ್ಲಿ ಬೇರೆ ಕೊಂಡು ಹೋದರು. ಇಡೀ ಬಾಳಿನಲ್ಲಿ ಆಯಿ ಮಾತು ತಪ್ಪಿದ್ದು ಅದೊಂದೇ ಸಲವಂತೆ. ಆ ಮನೆಯವರು ಮತ್ತೆಂದೂ ಅವಳ ಬಾಗಿಲಿಗೆ ಬರಲಿಲ್ಲ.

“ನನಗ ಒಂದ ಮಾತೂ ಹೇಳಲಿಲ್ಲಲ್ಲ” ಎಂದೆ.

“ನಿಮಗ ಹೇಳಬ್ಯಾಡಂತ ನಮಗೆಲ್ಲಾ ಆಣಿ ಹಾಕಿದ್ಲು” ಎಂದಳು ಮಗಳು. “ನಾ ಆವಾಗ ಫೋನಿನ್ಯಾಗ ಭಾಳ ಜಗಳಾಡಿದ್ನಿರಿ. ಇಷ್ಟ ವರ್ಷದ ಹೆಸರು ಕೆಡಿಸ್ಕೊಂಡಿ, ಲಗ್ನದ ಸೀರಿ ಬಿಟ್ಟು ಬೂಟಿನ ಲಾಡಿ ಹಿಡಕೊಂಡು ಕುಂತೀಯಲ್ಲವ್ವಾ ಅಂತ ಬೈದ್ನಿ.”

“ಅದಕ್ಕ ಏನಂದಳು?”

ಮಗಳು ಕಣ್ಣು ಒರೆಸಿಕೊಂಡು, ಅವ್ವನ ದನಿಯಲ್ಲೇ ಹೇಳಿದಳು:

“ಸೀರಿ ಇಲ್ಲಂತ ಆ ಹುಡುಗಿ ಲಗ್ನ ನಿಲ್ಲೂದಿಲ್ಲವ್ವಾ. ಮಾಸ್ತರ ನಿಂತಬಿಟ್ಟಾನ.”